ಮುದಕಪ್ಪನ ಮುಂದಿನ ಸೀಟು

ಅವತ್ತೂ ರಾಚವ್ವ, ಅವಳ ಗಂಡ ಬಸಯ್ಯ ಸಿರಸಂಗಿ ಸ್ಟ್ಯಾಂಡಿನಲ್ಲಿ ಮುದಕಪ್ಪನ ಟ್ರ್ಯಾಕ್ಸ್ ಜೀಪಿನೊಳಗೆ ಒಂದು ತಾಸು ಬೆವರುತ್ತ ಕೂತಿದ್ದರು. ಗಾಡಿ ತುಂಬದೆ ಮುದಕಪ್ಪ ಕೀಲಿ ತಿರುವುವವನಲ್ಲ. ಹದಿನೆಂಟು ಮಂದಿ ಹತ್ತಿದರೂ ಬಾಗಿಲಿಗೆ ಜೋತುಬಿದ್ದು, "ಇನ್ನೊಂದ ಸೀಟ್ರಿ, ಈಗ ಬಿಟ್ಟೆ!" ಎಂದು ಕೂಗುತ್ತಾನೆ. ಫೌಜದಾರ ಕೂತಿದ್ದರೂ ಅಷ್ಟೇ, ಬಾಣಂತಿ ಕೂತಿದ್ದರೂ ಅಷ್ಟೇ. "ನಿನ್ನ ಮದಿವಿ ಗಾಡೀನೂ ಸೀಟ್ ತುಂಬಿದ ಮ್ಯಾಲ ಬಿಟ್ಟಿದ್ದೇನೋ?" ಎಂದು ಬಸಯ್ಯ ಎಲ್ಲರನ್ನೂ ನಗಿಸಿದ್ದ. ಮರುದಿನ ಬಸಯ್ಯನ ಬಾಯಿ ಸೊಟ್ಟಗಾಯಿತು, ಬಲಗೈ ಸ್ವಾಧೀನ ತಪ್ಪಿ ಜೋತುಬಿತ್ತು. ರಾಚವ್ವ ಅವನನ್ನು ಸ್ಟ್ಯಾಂಡಿಗೆ ತಂದು ಮುದಕಪ್ಪನ ಪಕ್ಕದ ಸೀಟಿನಲ್ಲಿ ಕೂರಿಸಿ, "ಲಗೂನ ಹುಬ್ಬಳ್ಳಿ ದವಾಖಾನಿಗೆ ಬಿಡೋ" ಎಂದಳು. "ವಾಯು ಹಿಡದೈತಿ ಯಕ್ಕಾ, ಇನ್ನ ಇಬ್ಬರು ಬರ್ಲಿ, ಹೊಂಡೂಣು" ಎಂದ ಮುದಕಪ್ಪ. ಮುಕ್ಕಾಲು ತಾಸು ಹೋಯಿತು. "ಇದು ಲಕ್ವಾ. ಮೂರು ತಾಸಿನೊಳಗ ತಂದಿದ್ರ ಇಂಜೆಕ್ಷನ್ ಇತ್ತು, ಅರ್ಧ ತಾಸು ತಡಾ ಆತು" ಎಂದರು ಹುಬ್ಬಳ್ಳಿಯ ಡಾಕ್ಟರು. ಮೂರನೆಯ ದಿನ ಬಸಯ್ಯ ತೀರಿಹೋದ. ಮುದಕಪ್ಪ ಈಗಲೂ ಗಾಡಿ ತುಂಬದೆ ಬಿಡುವುದಿಲ್ಲ, ಹಾಳಾದವನು. ಆದರೆ ತನ್ನ ಪಕ್ಕದ ಸೀಟಿಗೆ ಯಾರನ್ನೂ ಹತ್ತಿಸುವುದಿಲ್ಲ. ಅದು ಬಾಯಿ ಸೊಟ್ಟಗಾದವರಿಗೆ ಮಾತ್ರ; ಅಂಥವರು ಅಲ್ಲಿ ಕೂತರೆ, ಹಿಂದೆ ಖಾಲಿಯಿದ್ದರೂ ಗಾಡಿ ನೇರ ಹುಬ್ಬಳ್ಳಿಗೆ. ರಾಚವ್ವ ಅವನ ಜೊತೆ ಮಾತಾಡುವುದಿಲ್ಲ. ದಿನಾ ಬೆಳಗ್ಗೆ ಬಂದು ಆ ಸೀಟಿನ ಧೂಳು ಒರೆಸುತ್ತಾಳೆ. ಗೊತ್ತಿಲ್ಲದೆ ಯಾರಾದರೂ ಹತ್ತಿ ಕೂತಿದ್ದರೆ, "ಏಳ್ರಿ, ಹಿಂದ ಹೋಗ್ರಿ" ಎಂದು ಎಬ್ಬಿಸಿ ಒರೆಸುತ್ತಾಳೆ.