ನನ್ನನ್ನು ಜವ್ವನಿಗ ಎಂದವರು

ನನಗೆ ಅರವತ್ತು ದಾಟಿದ್ದರೂ ಸೋದರತ್ತೆ "ಬಾರೋ ಜವ್ವನಿಗ" ಎಂದೇ ಕರೆಯುತ್ತಿದ್ದರು. ಕನ್ನಡ ಪಾಠ ಹೇಳಿ ನಿವೃತ್ತರಾದವರು. ತಮಿಳು ನೆಲದ ಪೋರೂರಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಒಮ್ಮೆ ಅರ್ಥ ಕೇಳಿದೆ.

"ಸಂಸ್ಕೃತದ ಯೌವನ ಪ್ರಾಕೃತದಲ್ಲಿ ಮೆತ್ತಗಾಗಿ ನಮ್ಮಲ್ಲಿ ಜವ್ವನ ಆಯ್ತು. ಅದು ಇರೋನು ಜವ್ವನಿಗ. ಹಳಗನ್ನಡದ ಮಾತು, ಈಗ ಯಾರೂ ಆಡಲ್ಲ."

"ನಾನು ಮುದುಕ ಅಲ್ವಾ ಅತ್ತೆ?"

"ನನ್ನ ಮುಂದೆ ನೀನೆಂಥ ಮುದುಕನೋ!"

ಕಳೆದ ವರ್ಷ ಅತ್ತೆ ತೀರಿಕೊಂಡರು. ಒಂದು ಬೆಳಿಗ್ಗೆ ನೆನಪಾಗಿ ಮಗಳಿಗೆ ಆ ಪದ ಹೇಳಿದೆ.

"ಅಪ್ಪಡೀನ್ನಾ ಎನ್ನಪ್ಪಾ?" ಎಂದು ತಮಿಳಿನಲ್ಲೇ ಅರ್ಥ ಕೇಳಿದಳು. ಬಿಡಿಸಿ ಹೇಳಿದೆ. ತಲೆಯಾಡಿಸಿ ಆಫೀಸಿಗೆ ಹೊರಟಳು.

ನನ್ನನ್ನು ಚಿಕ್ಕವನೆನ್ನುವವರು ಇನ್ನು ಯಾರೂ ಉಳಿದಿಲ್ಲವೆಂದು ಆಮೇಲೆ ಹೊಳೆಯಿತು. ಅಂದು ಮೆಟ್ಟಿಲಿಳಿಯುವಾಗ ಮೊದಲ ಬಾರಿ ಗೋಡೆ ಹಿಡಿದುಕೊಂಡೆ.