ಮೇಸ್ತ್ರಿಯ ತಪ್ಪು ತಿದ್ದಿದ ಹತ್ತು ನಿಮಿಷ

ಗಾಜಿನ ಚೂರು ಹಿಡಿದು ಹತ್ತು ನಿಮಿಷ ಮರ ಕೆರೆದೆ. ಮಾಡಿದ್ದು ಅಷ್ಟೇ. ಆ ಹತ್ತು ನಿಮಿಷದಲ್ಲಿ ಒಬ್ಬ ಅಪ್ಪನ ಎರಡು ತಿಂಗಳ ಕೆಲಸ ಹಾಳಾಯಿತು. ಇನ್ನೂ ಏನೇನು ಹಾಳಾಯಿತು ಅಂತ ಮುಂದೆ ಹೇಳುತ್ತೇನೆ. ಬೈಯುವವರು ದಯವಿಟ್ಟು ಪೂರ್ತಿ ಓದಿ ಬೈಯಿರಿ.

ಮಲ್ಲಪ್ಪ ಯಾದಗಿರಿ ಕಡೆಯ ಬಡಗಿ. (ಹೆಸರು ಬದಲಿಸಿದ್ದೇನೆ. ಯಾರ ಮರ್ಯಾದೆ ಕಾಪಾಡಲು ಅಂತ ನಿಮಗೇ ಗೊತ್ತಾಗುತ್ತದೆ.) ಗರುಡಾಚಾರ್‌ಪಾಳ್ಯದ ಫರ್ನಿಚರ್ ಯೂನಿಟ್ ಒಂದರಲ್ಲಿ ಕೆಲಸ, ಕಗ್ಗದಾಸಪುರದಲ್ಲಿ ಬಾಡಿಗೆ ರೂಮು. ರಿಚರ್ಡ್ಸ್ ಟೌನ್‌ನ ನಮ್ಮ ಮನೆಗೆ ಅಡುಗೆಮನೆಯ ಕಬೋರ್ಡ್ ರಿಪೇರಿಗೆ ಬಂದಾಗ ಪರಿಚಯವಾದರು. ಅವರ ಮಗಳು ಭಾಗ್ಯ ಒಂಬತ್ತನೇ ಕ್ಲಾಸು. ಸ್ಕೂಲಿನ ಆರ್ಚರಿ ಟೀಮ್ ಸೇರುವ ಹುಚ್ಚು ಅವಳಿಗೆ. ಅವಳಿಗೆಂದೇ ಮಲ್ಲಪ್ಪ ತಡಸಲು ಮರದ ಬಿಲ್ಲು ಮಾಡುತ್ತಿದ್ದರು. ನನಗೂ ಕಲಿಸಿ ಅಂತ ದುಂಬಾಲು ಬಿದ್ದೆ. ಬದಲಿಗೆ ನಾನು ಭಾಗ್ಯಳಿಗೆ ಇಂಗ್ಲಿಷ್ ಹೇಳಿಕೊಡುವುದು ಅಂತ ಡೀಲ್ ಆಯಿತು.

ಭಾನುವಾರ ಬೆಳಿಗ್ಗೆಯಾದರೆ ಅವರ ಬಿಲ್ಡಿಂಗಿನ ಟೆರೇಸ್ ಮೇಲೆ ನಾನು ಹಾಜರ್. ಬಿಲ್ಲಿನ ನಡುವೆ ಹಿಡಿ, ಅದರ ಮೇಲೊಂದು ತೋಳು, ಕೆಳಗೊಂದು ತೋಳು. ಹಿಡಿಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ ಕೆಳಕ್ಕೆ ಎಳೆಯಬೇಕು. ತೋಳುಗಳು ಹೇಗೆ ಬಾಗುತ್ತವೆ ಅಂತ ದೂರ ನಿಂತು ನೋಡಬೇಕು. ಸರಿಯಾಗಿ ಬಾಗದೆ ಬಿರುಸಾಗಿ ಕಂಡಲ್ಲಿ ಗಾಜಿನ ಚೂರಿನಿಂದ ಒಂದಿಷ್ಟು ಕೆರೆಯಬೇಕು. ಮತ್ತೆ ಎಳೆಯಬೇಕು, ಮತ್ತೆ ನೋಡಬೇಕು. ಕೆರೆದ ಮರ ವಾಪಸ್ ಅಂಟುವುದಿಲ್ಲವಲ್ಲ? ಹಾಗಾಗಿ ಮಲ್ಲಪ್ಪ ಕೆರೆಯುವುದಕ್ಕಿಂತ ನೋಡುವುದೇ ಹೆಚ್ಚು. ನನಗೋ ಈ ನೋಡುವ ಕೆಲಸ ಮಹಾ ಬೇಜಾರು. (ಯೂಟ್ಯೂಬಿನಲ್ಲಾದರೆ ಇದನ್ನೆಲ್ಲ ಓಡಿಸಿಬಿಡಬಹುದು.)

ಅಂತೂ ಬಿಲ್ಲು ಸಿದ್ಧವಾಯಿತು. ಭಾಗ್ಯ ಎರಡು ವಾರ ಪ್ರಾಕ್ಟೀಸ್ ಮಾಡಿದಳು. ಕೆ.ಆರ್. ಪುರದ ಒಂದು ಮೈದಾನದಲ್ಲಿ ಸೆಲೆಕ್ಷನ್. ಮೂರು ದಿನ ಮೊದಲು ಮಲ್ಲಪ್ಪ ಬಿಲ್ಲನ್ನು ನನ್ನ ಕೈಗೆ ಕೊಟ್ಟರು.

‘ಎಣ್ಣಿ ಹಚ್ಚೂ ಕೆಲಸ ನೀವ ಮಾಡ್ರಿ ಸರ್. ಕಡೀ ಕೆಲಸ ಕಲಿಯೋರ ಕೈಲೆ ಆಗ್ಬೇಕು ಅಂತಿದ್ದ ನಮ್ ಕಾಕಾ.’

ಎಣ್ಣೆ ಹಚ್ಚಿ ಸುಮ್ಮನಿದ್ದಿದ್ದರೆ ಈ ವಾರ ನಿಮಗೆ ಟ್ರಾಫಿಕ್ ಬಗ್ಗೆ ಬರೆಯುತ್ತಿದ್ದೆ.

ಸುಮ್ಮನಿರಲಿಲ್ಲ. ಮನೆಯಲ್ಲೂ ಗೂಟಕ್ಕೆ ಸಿಕ್ಕಿಸಿ ಎಳೆದು ನೋಡಿದೆ. ಕೆಳಗಿನ ತೋಳು ಮೇಲಿನದಕ್ಕಿಂತ ಕಡಿಮೆ ಬಾಗುತ್ತಿತ್ತು. ಸ್ಕೇಲ್ ಹಿಡಿದೆ. ಅರ್ಧ ಬೆರಳಿನಷ್ಟು ವ್ಯತ್ಯಾಸ! ಮೇಸ್ತ್ರಿಯ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿತ್ತು! ಎಷ್ಟು ಖುಷಿಯಾಯಿತು ಗೊತ್ತೇ? ಒಂದು ಫೋನ್ ಮಾಡಿ ಕೇಳಬಹುದಿತ್ತು. ಆದರೆ ನಮ್ಮಂಥವರು ಕೇಳುವುದಿಲ್ಲ, ತಿದ್ದುತ್ತೇವೆ. ಪ್ಲಂಬರ್‌ಗೆ ಪೈಪು, ಆಟೋದವರಿಗೆ ದಾರಿ, ಅಡುಗೆಯವರಿಗೆ ಸಾರು, ಎಲ್ಲವನ್ನೂ ನಾವೇ ಹೇಳಿಕೊಡಬೇಕು. ಕೆಳಗಿನ ತೋಳು ಕೆರೆದೆ. ಎರಡೂ ಸರಿಸಮವಾದವು. ಫೋಟೊ ತೆಗೆದು ಫ್ರೆಂಡ್ಸ್ ಗ್ರೂಪಿಗೆ ಹಾಕಿ, ಆಮೇಲೆ ಎಣ್ಣೆ ಹಚ್ಚಿದೆ.

ಸೆಲೆಕ್ಷನ್ ದಿನ ಬಿಲ್ಲು ಹಿಡಿದು ನೇರ ಮೈದಾನಕ್ಕೇ ಹೋದೆ. ಭಾಗ್ಯಳಿಗೆ ಸಿಕ್ಕಿದ್ದು ಆರು ಬಾಣ. ಪ್ರತಿ ಸಲವೂ ಬಿಲ್ಲು ಅವಳ ಕೈಯಲ್ಲಿ ವಾಲುತ್ತಿತ್ತು. ನಾಲ್ಕು ಬಾಣ ಗುರಿಯ ಬುಡದಲ್ಲಿ ಮಣ್ಣಿಗೆ ಬಿದ್ದವು. ಪಿ.ಟಿ. ಮೇಷ್ಟ್ರು ಮುಂದಿನ ಹೆಸರು ಕೂಗಿದರು.

ಮಲ್ಲಪ್ಪ ಬಿಲ್ಲನ್ನು ತೆಗೆದುಕೊಂಡು ಕೆಳಗಿನ ತೋಳಿನ ಮೇಲೆ ಹೆಬ್ಬೆರಳು ಸವರಿದರು. ಒಮ್ಮೆ ನನ್ನ ಕಡೆ ನೋಡಿದರು.

ಭಾಗ್ಯ ಅಳುತ್ತಾ ಅಪ್ಪನನ್ನು ಕೇಳಿದಳು: ‘ಮೊನ್ನೆ ಚೆನ್ನಾಗೇ ಇತ್ತಲ್ಲಪ್ಪಾ! ಏನ್ ಮಾಡ್ಬಿಟ್ಟೆ ಇದಕ್ಕೆ?’

‘ನಂದ ತಪ್ಪವ್ವಾ. ಕಡೀಕ ಒಂಚೂರು ಜಾಸ್ತಿ ಕೆರದೆ’ ಅಂದರು ಮಲ್ಲಪ್ಪ.

ಎರಡಡಿ ದೂರದಲ್ಲಿ ನಾನು ನಿಂತಿದ್ದೆ. ಬಾಯಿ ಬಿಟ್ಟು ಏನು ಹೇಳಿದೆ ಗೊತ್ತೇ? ‘ಬನ್ನಿ, ಎಳನೀರು ಕುಡಿಯೋಣ’ ಅಂದೆ. ಅವರಿಬ್ಬರೂ ಕುಡಿಯಲಿಲ್ಲ. ನಾನು ಕುಡಿದೆ.

ಮುಂದಿನ ಭಾನುವಾರ ಭಾಗ್ಯ ಇಲ್ಲದ ಹೊತ್ತು ನೋಡಿ ಟೆರೇಸ್‌ಗೆ ಹೋಗಿ, ಕೆರೆದವನು ನಾನು ಅಂತ ಒಪ್ಪಿಕೊಂಡೆ.

‘ಗೊತ್ತದ ರೀ ಸರ್. ನಾ ಯಾವಾಗ್ಲೂ ಉದ್ದಕ್ಕ ಕೆರೀತೀನಿ. ಅಲ್ಲಿ ಅಡ್ಡ ಕೆರದಿತ್ತು.’

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪಾಠ ಶುರು ಮಾಡಿದರು. ಬಾಣ ಹೋಗುವುದು ಹಿಡಿಯ ಮೇಲಿಂದ, ಹೆದೆ ಎಳೆಯುವ ಬೆರಳುಗಳೂ ನಡುವಿಗಿಂತ ಸ್ವಲ್ಪ ಮೇಲೆ. ಆದ್ದರಿಂದ ಕೆಳಗಿನ ತೋಳಿಗೆ ಭಾರ ಹೆಚ್ಚು, ಅದು ಒಂದು ಚೂರು ಬಿರುಸಾಗಿಯೇ ಇರಬೇಕು. ನಾನು ಹಿಡಿದ ‘ತಪ್ಪು’ ಅವರು ಬೇಕೆಂದೇ ಬಿಟ್ಟ ವ್ಯತ್ಯಾಸ. ‘ಕೈಯಾಗ ಹಿಡದಾಗ ಸಮ ಆಗ್ಬೇಕ್ರಿ, ಸ್ಕೇಲಿನಾಗ ಅಲ್ಲ’ ಅಂದರು.

‘ಮತ್ತೆ ಮಗಳ ಮುಂದೆ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?’

‘ನಿಮ್ ಬಲ್ಲಿ ಇಂಗ್ಲಿಷ್ ಕಲೀತಾಳ್ರಿ. ಸಿಟ್ಟಿಗಿ ಪಾಠ ಬಿಟ್ಟಗಿಟ್ಟಾಳು. ಟೀಮ್ ಏನ್ರಿ, ಮುಂದಿನ ವರ್ಷ ಅದ. ಆಕಿಗಿ ಹೇಳಬ್ಯಾಡ್ರಿ ಸರ್.’

ಆಗ ನನಗೇನನ್ನಿಸಿತು? ನಾಚಿಕೆಯಾಯಿತು ಅಂತ ಬರೆದರೆ ನಿಮಗೆ ನನ್ನ ಮೇಲೆ ಅಷ್ಟಿಷ್ಟು ಗೌರವ ಉಳಿದೀತು. ಆದರೆ ಮೊದಲು ಆಗಿದ್ದು ನಿರಾಳ. ಸದ್ಯ, ಹೇಳಬೇಕಾಗಿಲ್ಲ! ನಾಚಿಕೆ ಬಂದದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ.

ಮಲ್ಲಪ್ಪ ಈಗ ಇನ್ನೊಂದು ಬಿಲ್ಲು ಶುರು ಮಾಡಿದ್ದಾರೆ. ಮೊನ್ನೆ ಬುಧವಾರ ಪಾಠ ಮುಗಿದ ಮೇಲೆ ಭಾಗ್ಯ ದನಿ ತಗ್ಗಿಸಿ ಕೇಳಿದಳು: ‘ಅಂಕಲ್, ಹೊಸ ಬಿಲ್ಲು ನೀವೇ ಬ್ಯಾಲೆನ್ಸ್ ಮಾಡ್ಕೊಡ್ತೀರಾ? ಅಪ್ಪಂಗೆ ಕಣ್ಣು ಸರಿಯಾಗಿ ಕಾಣಲ್ಲ ಅನ್ಸತ್ತೆ.’

‘ನೋಡೋಣಮ್ಮ’ ಅಂದೆ. ಹೌದು, ಇಷ್ಟೆಲ್ಲ ಆದ ಮೇಲೂ ಅಷ್ಟೇ ಅಂದೆ.