ಬಲಗಡೆ ಜೇಬಿನ ಅಣ್ಣ

ಮೊನ್ನೆ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಸಿಲ್ವರ್ ಪೇಂಟ್ ಬಳಿಯುತ್ತಿದ್ದರು. ತರಕಾರಿ ಚೀಲ ಹಿಡಿದು ಹೊರಟವಳ ಮೂಗಿಗೆ ಥಿನ್ನರ್ ವಾಸನೆ ಬಡಿಯಿತು. ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರೆ ನಾನು ಅಲ್ಲೇ ನಿಂತುಬಿಟ್ಟೆ. ಏನಾದರೂ ಬೇಕಿತ್ತಾ ಎಂದು ವಾಚ್‌ಮನ್ ಕೇಳಿದ. ನನಗೆ ಬೇಕಾಗಿದ್ದದ್ದು ಚಾಮರಾಜಪೇಟೆಯ ಒಂದು ಹಳೆಯ ನಡುಮನೆ, ಅಲ್ಲಿ ಕಿಟಕಿ ಪಕ್ಕ ಕೂತು ಪುಟ್ಟ ವಿಮಾನಕ್ಕೆ ಬಣ್ಣ ಹಚ್ಚುತ್ತಿದ್ದ ನಮ್ಮ ಓನರ್ ಆಂಟಿ. ಪಾಪ, ಅವನು ಎಲ್ಲಿಂದ ತಂದುಕೊಟ್ಟಾನು? ಏನಿಲ್ಲಪ್ಪ ಎಂದು ಹೊರಟೆ.

ಮದುವೆಯಾದ ಹೊಸದರಲ್ಲಿ ಆ ಮನೆಯ ಮಹಡಿಗೆ ಬಾಡಿಗೆಗೆ ಹೋಗಿದ್ದೆವು. ಕೆಳಗೆ ಆಂಟಿ ಒಬ್ಬರೇ ಇದ್ದರು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದು ರಿಟೈರ್ ಆದವರು. ಅವರ ತಂದೆಗೆ ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇತ್ತಂತೆ. ಹಣೆಯ ತುಂಬ ವಿಭೂತಿ, ಸೆರಗಿನಲ್ಲಿ ಒಂದಲ್ಲ ಒಂದು ಬಣ್ಣದ ಕಲೆ, ಮಾತು ಮಾತ್ರ ಖಡಕ್ಕು. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಇಡೀ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಮನೆ ಕೊಡುವಾಗಲೇ ಅವರು ಹೇಳಿದ್ದರು, ಮೊಟ್ಟೆ ಮಾಂಸ ನಡೆಯುವುದಿಲ್ಲ ಎಂದು. ನಮ್ಮವರೋ ಮೊಟ್ಟೆ ಬಿಟ್ಟು ಬದುಕಲಾರದ ಮನುಷ್ಯ. ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿಟ್ಟು ಕದ್ದು ಬೇಯಿಸುತ್ತಿದ್ದೆ. ಒಂದು ದಿನ ಆಂಟಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆಯ ತುಂಡುಗಳು.

“ಮೊಟ್ಟೆ ಬೇಯಿಸ್ತೀಯಲ್ಲ, ಆ ನೀರಿಗೆ ಇದನ್ನೂ ಹಾಕು. ಹೊಳಪು ಸತ್ತು ಹಳೇ ಲೋಹದ ಥರ ಆಗತ್ತೆ,” ಎಂದರು.

ನನ್ನ ಜೀವ ಬಾಯಿಗೆ ಬಂದಿತ್ತು. ಅವರು ಮಾತ್ರ ಏನೂ ಆಗದವರಂತೆ ಇಳಿದು ಹೋದರು. ಅಂದಿನಿಂದ ನಮ್ಮ ಮನೆಯ ಮೊಟ್ಟೆಗೆ ಸರ್ಕಾರಿ ಪರವಾನಗಿ ಸಿಕ್ಕಂತಾಯಿತು. ಬೆಂದ ಹಾಳೆಯನ್ನು ಒರೆಸಿ ಕೆಳಗೆ ತಲುಪಿಸುವ ನೆಪದಲ್ಲಿ ನಾನೂ ದಿನವೂ ಅವರ ನಡುಮನೆಗೆ ಹೋಗತೊಡಗಿದೆ.

ಅಲ್ಲಿ ಮೇಜಿನ ಮೇಲೆ, ಶೋಕೇಸಿನಲ್ಲಿ, ರೇಡಿಯೋ ಮೇಲೆ, ಎಲ್ಲೆಲ್ಲೂ ವಿಮಾನಗಳು. ಒಂದರ ಮೇಲೊಂದು ಎರಡು ರೆಕ್ಕೆ ಇರುವ ಹಳೆಯ ಕಾಲದ ತರಬೇತಿ ವಿಮಾನಗಳು. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮಾಡಿದವು. ಅಂಟಿಸುವುದು ಯಾರು ಬೇಕಾದರೂ ಮಾಡುತ್ತಾರೆ, ಪ್ಲಾಸ್ಟಿಕ್ಕನ್ನು ಮರೆಸುವುದೇ ಕೆಲಸ ಎನ್ನುತ್ತಿದ್ದರು. ಆ ಕಾಲದ ವಿಮಾನದ ರೆಕ್ಕೆಗೆ ತಗಡಲ್ಲ, ಬಟ್ಟೆ ಹೊದಿಸುತ್ತಿದ್ದರಂತೆ. ಮರದ ಪಟ್ಟಿಗಳ ಮೇಲೆ ಬಟ್ಟೆ ಎಳೆದು ಹೊಲಿದು ಮೇಲೆ ವಾರ್ನಿಶ್ ಬಳಿದರೆ ಅದು ಡೋಲಿನ ಚರ್ಮದ ಹಾಗೆ ಬಿಗಿಯುತ್ತದೆ. ಈ ಕೆಲಸಕ್ಕೆ ಹೊಸಬರು ಪಟ್ಟಿಗಳ ನಡುವೆ ನೆರಳಿನ ಬಣ್ಣ ತುಂಬಿ ಬಟ್ಟೆಯನ್ನು ಜೋತುಬೀಳಿಸುತ್ತಾರೆ, ಒಣಗಿಸಿದ ಪಂಚೆ ನೋಡು ಎಂದು ನಗುತ್ತಿದ್ದರು. ಅವರು ಮೊದಲು ಕಂದು ಬಳಿದು, ಅದರ ಮೇಲೆ ನೀರಿನಷ್ಟು ತೆಳ್ಳಗೆ ಕೆನೆಬಣ್ಣವನ್ನು ಮತ್ತೆ ಮತ್ತೆ ಎಳೆಯುತ್ತಿದ್ದರು. ಕೊನೆಗೆ ಒಳಗಿನ ಪಟ್ಟಿಗಳು ಬಿಸಿಲಿಗೆ ಹಿಡಿದ ಧೋತರದಲ್ಲಿ ಕೈ ಕಾಣುವ ಹಾಗೆ ಕಾಣುತ್ತಿದ್ದವು. ಸಣ್ಣಪುಟ್ಟ ತಗಡಿನ ಭಾಗಗಳಿಗೆ ನಾನು ಬೇಯಿಸಿಕೊಟ್ಟ ಹಾಳೆ ಅಂಟಿಸುವುದು. ಎಂಜಿನ್ನಿನ ಮುಚ್ಚಳಕ್ಕೆ ಕಪ್ಪು ಬಳಿದು, ಒಣಗಿದ ಮೇಲೆ ಬೆಳ್ಳಿಪುಡಿಯನ್ನು ಮಲ್ ಬಟ್ಟೆಯಲ್ಲಿ ಅದ್ದಿ ಉಜ್ಜುವುದು. ಕೈ ತಾಗಿ ತಾಗಿ ಬಣ್ಣ ಹೋದ ಅಂಚಿಗೆ ಪೆನ್ಸಿಲ್ಲಿನ ಸೀಸ. ಕಾಲಿಟ್ಟು ಹತ್ತುವ ಜಾಗದಲ್ಲಿ ಸವೆತ, ಎಣ್ಣೆ ಒಸರಿದ ಕಡೆ ಒಂದು ಗೆರೆ…

ಇಷ್ಟೆಲ್ಲವನ್ನೂ ಅವರು ನೋಡಿ ಬರೆಯುತ್ತಿದ್ದದ್ದು ಗೋಡೆಯ ಮೇಲಿದ್ದ ಒಂದೇ ಒಂದು ಫೋಟೋದಿಂದ. ಅದರಲ್ಲಿ ಅವರ ಅಣ್ಣ ಇದ್ದ. ತೋಳು ಮಡಿಸಿದ ಬಿಳಿ ಷರಟು, ಜೇಬಿನಲ್ಲಿ ಪೆನ್ನು, ಒಂದು ಕಾಲು ವಿಮಾನದ ಬಲರೆಕ್ಕೆಯ ಮೇಲೆ, ಒಂದು ಕೈ ಎಂಜಿನ್ನಿನ ಮೇಲೆ. ವಿಮಾನದ ಹಿಂಭಾಗ, ಅಕ್ಷರ ಬರೆದಿರುವ ಕಡೆ, ಫೋಟೋದಲ್ಲಿ ಬಂದಿರಲಿಲ್ಲ. ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿಯುತ್ತಿದ್ದವನು ಒಂದು ದಿನ ಅದೇ ವಿಮಾನದಲ್ಲಿ ಹೋಗಿ ಬಿದ್ದುಹೋದ. ಹೆಣವಿದ್ದ ಪೆಟ್ಟಿಗೆಯನ್ನು ಮನೆಗೆ ತಂದರಂತೆ, ಮುಚ್ಚಳ ತೆಗೆಯಲು ಬಿಡಲಿಲ್ಲವಂತೆ. ಆಂಟಿ ಆಗ ಇನ್ನೂ ಸ್ಕೂಲಿಗೂ ಸೇರದ ಮಗು. ಆಮೇಲೆ ಯಾರೋ ಸ್ನೇಹಿತರು ಆ ಫೋಟೋವನ್ನು ದೊಡ್ಡದು ಮಾಡಿಸಿ ತಂದುಕೊಟ್ಟರು. ಅಣ್ಣ ಎಂದರೆ ಅವರಿಗೆ ಆ ಫೋಟೋ, ಅಷ್ಟೇ.

ಅವನ ವಿಮಾನವನ್ನು ಅವನು ಬಿಟ್ಟುಹೋದ ಹಾಗೆಯೇ ಒಮ್ಮೆಯಾದರೂ ಮಾಡಬೇಕು, ಕಣ್ಣು ಪೂರಾ ಮಂಜಾಗುವುದರೊಳಗೆ. ಅವರಿಗೆ ಇದ್ದ ಆಸೆ ಇದೊಂದೇ. ಪ್ರತಿ ವಿಮಾನ ಮುಗಿದಾಗಲೂ ಫೋಟೋದ ಕೆಳಗಿಟ್ಟು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ತಲೆ ಅಲ್ಲಾಡಿಸಿ, ಇನ್ನೂ ಅವನದಾಗಲಿಲ್ಲ ಎಂದು ಹೊಸ ಡಬ್ಬಿ ಒಡೆಯುತ್ತಿದ್ದರು. ಎಲ್ಲಿ ತಪ್ಪಿದೆ ಎಂದು ಕೇಳಿದರೆ ಅವರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ತಪ್ಪನ್ನು ಮಾತ್ರ ಎಲ್ಲರೂ ತೋರಿಸುತ್ತಿದ್ದರು. ಭಾನುವಾರ ಅವರ ಹಾಗೆಯೇ ವಿಮಾನದ ಹುಚ್ಚಿನವರು ಒಂದಿಬ್ಬರು ಬರುತ್ತಿದ್ದರು. ಎಂಜಿನ್ನಿನ ಹೊಗೆಕೊಳವೆಯನ್ನು ನೀವು ತಪ್ಪು ಮಗ್ಗುಲಿಗೆ ಅಂಟಿಸಿದ್ದೀರಿ, ಡಬ್ಬಿಯ ಚಿತ್ರದಲ್ಲಿ ಆಚೆ ಕಡೆ ಇದೆ ನೋಡಿ ಎನ್ನುತ್ತಿದ್ದರು. ಆಂಟಿ ಫೋಟೋ ತೋರಿಸುತ್ತಿದ್ದರು. ಫೋಟೋದಲ್ಲಿ ಕೊಳವೆ ಈಚೆ ಕಡೆಯೇ ಇತ್ತು. ಕ್ಲಬ್ಬಿನವರು ರಿಪೇರಿ ಮಾಡುವಾಗ ಬದಲಾಯಿಸಿರಬೇಕು ಎಂದು ಆಂಟಿಯ ವಾದ. “ಡಬ್ಬಿ ಮಾಡ್ದೋರು ನಮ್ಮಣ್ಣನ ವಿಮಾನ ನೋಡಿದಾರಾ?” ಎಂದು ಅವರು ಕೇಳಿದರೆ ಬಂದವರು ಸುಮ್ಮನೆ ಕಾಫಿ ಕುಡಿಯುತ್ತಿದ್ದರು. ಪ್ರತಿ ಸಲವೂ ಬ್ಲೇಡಿನಿಂದ ಕೊಳವೆ ಕೊಯ್ದು ಈಚೆಗೆ ಅಂಟಿಸುವುದೇ ಆಂಟಿಯ ಮೊದಲ ಕೆಲಸವಾಗಿತ್ತು.

ಅವರ ತಾಯಿಯ ಪುಣ್ಯತಿಥಿಯ ದಿನ ನನ್ನನ್ನು ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಕೇಳದೆಯೇ ತಾಯಿಯ ಕಥೆ ಹೇಳಿದರು. ಆ ಫೋಟೋ ಮನೆಗೆ ಬಂದ ದಿನದಿಂದ ತಾಯಿ ಅದನ್ನು ಒಪ್ಪಲಿಲ್ಲ. ಇವನು ನನ್ನ ಮಗ ಅಲ್ಲ, ಯಾರ ಮಗನೋ, ಅವರ ಮನೆಗೆ ಕಳಿಸಿಬಿಡಿ ಎನ್ನುತ್ತಿದ್ದರು. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಅವನ ಹಾಗಿದ್ದಾನೆ, ಆದರೆ ಅವನಲ್ಲ, ಅಷ್ಟೇ. ಹೂ ಮುಡಿಸಿದರೆ ತೆಗೆದು ಹಾಕುವರು, ಯಾರೂ ಇಲ್ಲದಾಗ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸುವರು. ಅವನು ಬರುತ್ತಾನೆ ಎಂದು ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡುವರು. ಡಾಕ್ಟರಿಗೆ ತೋರಿಸಿದರು, ಮಠಕ್ಕೆ ಕರೆದುಕೊಂಡು ಹೋಗಿ ದಾರ ಕಟ್ಟಿಸಿದರು. ಬೀದಿಯವರು ಬುದ್ಧಿ ಕೆಟ್ಟ ಹೆಂಗಸು ಎಂದರು. ತಂದೆಯೂ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ಒಂದು ದಿನ ಆಂಟಿಗೆ ರೇಗಿಹೋಯಿತು. ತಾಯಿಯ ಭುಜ ಹಿಡಿದು ಫೋಟೋದ ಮುಂದೆ ಕೂರಿಸಿ, ‘ಇವನೇ ನನ್ನ ಮಗ’ ಅನ್ನು, ಅನ್ನುವವರೆಗೂ ಏಳಕೂಡದು ಎಂದರಂತೆ. ತಾಯಿ ಮಗಳ ಮುಖ ನೋಡಿ, ಹೆದರಿ, ಹೇಳಿದರು. ಆಮೇಲೆ ಅವರು ಆ ಮಾತನ್ನು ಎತ್ತಲಿಲ್ಲ, ತಟ್ಟೆಯನ್ನೂ ಇಡಲಿಲ್ಲ. ಕೊನೆಗಾಲದಲ್ಲಿ ಅಮ್ಮನಿಗೆ ನೆಮ್ಮದಿ ಸಿಕ್ಕಿತು ಎಂದು ಆಂಟಿ ಹೇಳಿದರು.

ಅದಾಗಿ ಎಷ್ಟು ದಿನಕ್ಕೋ… ಒಂದು ಮಧ್ಯಾಹ್ನ ನಾನು ನಮ್ಮವರ ಷರಟಿಗೆ ಗುಂಡಿ ಹಾಕುತ್ತಾ ಆಂಟಿಯ ಎದುರು ಕೂತಿದ್ದೆ. ಅವರು ರೆಕ್ಕೆಗೆ ಸವೆತ ಬರೆಯುತ್ತಿದ್ದರು. ದಾರ ಕಚ್ಚಿ ತಲೆ ಎತ್ತಿದವಳಿಗೆ ಫೋಟೋ ಕಣ್ಣಿಗೆ ಬಿತ್ತು. ಮಡಿಲಲ್ಲಿದ್ದ ಷರಟನ್ನೂ ನೋಡಿದೆ. ನಗು ಬಂತು.

“ನಿಮ್ಮಣ್ಣ ಯಾವ ಟೈಲರ್ ಹತ್ರ ಹೊಲಿಸ್ತಿದ್ರು ಆಂಟಿ? ಪುಣ್ಯಾತ್ಮ ಜೇಬು ಬಲಗಡೆ ಇಟ್ಟಿದಾನೆ,” ಎಂದೆ.

ತಮಾಷೆಗೆ ಆಡಿದ ಮಾತು, ದೇವರಾಣೆಗೂ ತಮಾಷೆಗೆ. ಆಂಟಿಯ ಬ್ರಷ್ ನಿಂತಿತು. ಅವರು ನನ್ನ ಕೈಯಿಂದ ಷರಟು ತೆಗೆದುಕೊಂಡು ಎದ್ದು ಫೋಟೋದ ಪಕ್ಕ ಹಿಡಿದರು. ಜೇಬಷ್ಟೇ ಅಲ್ಲ, ಗುಂಡಿ ಪಟ್ಟಿಯೂ ಉಲ್ಟಾ ಇತ್ತು. ಗಡಿಯಾರ ಬಲಗೈಯಲ್ಲಿತ್ತು. ಆಮೇಲೆ ಅವರು ಡಬ್ಬಿಯ ಮೇಲಿನ ಚಿತ್ರ ನೋಡಿದರು, ಕೊಳವೆ ನೋಡಿದರು. ಸ್ಟುಡಿಯೋದವನು ಫೋಟೋ ದೊಡ್ಡದು ಮಾಡುವಾಗ ನೆಗೆಟಿವ್ ಅನ್ನು ತಿರುಗಿಸಿ ಹಾಕಿಬಿಟ್ಟಿದ್ದ. ನನಗೆ ಅದು ಹೊಳೆಯುವ ಹೊತ್ತಿಗೆ ಆಂಟಿ ಮೊಳೆಯಿಂದ ಫೋಟೋ ಇಳಿಸಿಕೊಂಡು ರೂಮಿಗೆ ಹೊರಟಿದ್ದರು.

ಬೀರುವಿನ ಕನ್ನಡಿ ಮುಂದೆ ನಿಂತು ಫೋಟೋವನ್ನು ಎದೆಗೆ ಆನಿಸಿ ಹಿಡಿದುಕೊಂಡರು. ನಾನು ಬಾಗಿಲಲ್ಲೇ ನಿಂತೆ. ಕನ್ನಡಿಯಲ್ಲಿ ಜೇಬು ಎಡಕ್ಕೆ ಬಂದಿತ್ತು, ಬೈತಲೆ ಈಚೆಗೆ ಬಂದಿತ್ತು. ಮುಖ ಅದೇ, ಆದರೂ ಬೇರೆ. ಗೋಡೆಯ ಮೇಲೆ ಗಂಭೀರವಾಗಿ ಕಾಣುತ್ತಿದ್ದ ಹುಡುಗ ಇಲ್ಲಿ ಏನೋ ತುಂಟತನ ಮಾಡಿ ಬಂದವನ ಹಾಗೆ ನಿಂತಿದ್ದ. ಆಂಟಿ ಬಹಳ ಹೊತ್ತು ನೋಡಿದರು.

“ಅಮ್ಮ ಹೇಳ್ತಾನೇ ಇದ್ರು ಕಣೆ,” ಎಂದರು.

ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹತ್ತಿರ ಹೋಗಿ ಹಿಡಿದುಕೊಂಡೆ. ಅಣ್ಣನಿಗಾಗಿ ಅಲ್ಲ, ತಾಯಿಗಾಗಿ ಅಳುತ್ತಿದ್ದರು. ಭುಜ ಹಿಡಿದು ಕೂರಿಸಿದ್ದನ್ನೇ ಮತ್ತೆ ಮತ್ತೆ ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಗುಂಡಿ ಹಾಕಬಾರದಿತ್ತೇ ಎಂದು ಎಷ್ಟೋ ರಾತ್ರಿ ಅನ್ನಿಸಿದೆ. ಅವರು ಮಾತ್ರ ಒಂದು ದಿನವೂ ನನ್ನನ್ನು ದೂರಲಿಲ್ಲ.

ಆಮೇಲೆ ಆಂಟಿ ಒಂದೇ ಒಂದು ವಿಮಾನ ಮಾಡಿದರು. ಕೊಳವೆಯನ್ನು ಡಬ್ಬಿಯವರು ಹೇಳಿದ ಕಡೆಯೇ ಬಿಟ್ಟರು. ಸವೆತವನ್ನು ಎಡರೆಕ್ಕೆಯ ಮೇಲೆ ಬರೆದರು. ಕಣ್ಣು ಸಾಲದೆ ಅಲ್ಲಲ್ಲಿ ನನ್ನನ್ನು ಕೇಳಿ ಬ್ರಷ್ ಇಡುತ್ತಿದ್ದರು. ಬಟ್ಟೆ ಬಟ್ಟೆಯಾಗಿಯೇ ಇತ್ತು, ಲೋಹ ಲೋಹವೇ. ಈಗಷ್ಟೇ ಯಾರೋ ಅದರಿಂದ ಇಳಿದು ಆಚೆ ಹೋಗಿದ್ದಾರೆ ಎನ್ನಿಸಿ ನನಗೆ ಹೆದರಿಕೆಯಾಯಿತು. ಈಗ ಅವನದಾಯಿತೇ ಎಂದು ಕೇಳಿದೆ. ಆಯಿತು, ಅಮ್ಮನಿಗೆ ತೋರಿಸಬೇಕಿತ್ತು ಎಂದರು. ಬ್ರಷ್ಷುಗಳನ್ನು ತೊಳೆದು ಒರೆಸಿ ಎತ್ತಿಟ್ಟರು.

ಬಡಗಿಯನ್ನು ಕರೆಸಿ ಬೀರುವಿನ ಕನ್ನಡಿ ಬಿಚ್ಚಿಸಿ, ಫೋಟೋದ ಎದುರು ಗೋಡೆಗೆ ಹಾಕಿಸಿದರು. ಅಲ್ಲಿಂದ ಮುಂದೆ ಅಣ್ಣನನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತಿದ್ದರು. ಹೂವನ್ನೂ ಕನ್ನಡಿಗೇ ಮುಡಿಸುತ್ತಿದ್ದರು. ಕಣ್ಣು ಇನ್ನೂ ಮಂಜಾದ ಮೇಲೆ ಕುರ್ಚಿಯನ್ನು ಅದರ ಹತ್ತಿರಕ್ಕೇ ಎಳೆದುಕೊಂಡು ಕೂತಿರುತ್ತಿದ್ದರು. ನಾನು ಹಿಂದೆ ನಿಂತು ಅವರ ತಲೆ ಬಾಚುತ್ತಿದ್ದೆ. ಕನ್ನಡಿಯಲ್ಲಿ ನಾವಿಬ್ಬರು, ನಮ್ಮ ಹಿಂದೆ ಮೀಸೆ ಚಿಗುರಿದ ಆ ಹುಡುಗ… ಬಾಚುವಾಗ ಹಿಂದೆ ತಿರುಗಿ ನೋಡಲು ನನಗೆ ಎಂದೂ ಧೈರ್ಯವಾಗಲಿಲ್ಲ.

ಅವರು ಹೋದ ಮೇಲೆ ಚಿಕ್ಕಪ್ಪನ ಮಕ್ಕಳು ಬಂದು ಮನೆ ಖಾಲಿ ಮಾಡಿಸಿದರು. ವಿಮಾನಗಳನ್ನು ಭಾನುವಾರದವರು ತೆಗೆದುಕೊಂಡು ಹೋದರು. ಕಡೆಯ ವಿಮಾನ ಯಾವುದು ಎಂದು ಹೇಳೋಣವೆಂದರೆ ನಾವು ಆಗಲೇ ಬನಶಂಕರಿಗೆ ಮನೆ ಬದಲಾಯಿಸಿದ್ದೆವು, ನನಗೆ ಸುದ್ದಿ ತಲುಪಿದ್ದೇ ತಡವಾಗಿ. ಫೋಟೋವನ್ನು ದೇವರ ಹಳೆಯ ಪಟಗಳ ಜೊತೆ ಸೇರಿಸಿ ಅರಳಿಕಟ್ಟೆಯಲ್ಲಿ ಇಟ್ಟುಬಂದರಂತೆ. ಓಡಿಹೋಗಿ ನೋಡಿದೆ. ಗಾಜು ಒಡೆದ ಪಟಗಳ ರಾಶಿಯಲ್ಲಿ ಅದಿರಲಿಲ್ಲ. ಕನ್ನಡಿ ಮಾತ್ರ ಯಾರಿಗೂ ಬೇಡವಾಗಿ ಗೋಡೆಯಲ್ಲಿತ್ತು. ಕೇಳಿ ತಂದುಕೊಂಡೆ.

ಆಂಟಿಯ ಒಂದು ಫೋಟೋವೂ ನನ್ನ ಹತ್ತಿರ ಇಲ್ಲ. ಬೇಕು ಎಂದು ಇಷ್ಟು ವರ್ಷ ಅನ್ನಿಸಿರಲೂ ಇಲ್ಲ, ಮುಖ ಕಣ್ಣಿಗೆ ಕಟ್ಟಿದ ಹಾಗಿತ್ತಲ್ಲ. ಮೊನ್ನೆ ತರಕಾರಿ ತಂದಿಟ್ಟು, ಕನ್ನಡಿಯ ಮುಂದೆ ನಿಂತು ಅವರನ್ನು ನೆನೆಸಿಕೊಂಡೆ. ಹಣೆ ಬಂತು, ಕನ್ನಡಕ ಬಂತು, ಮೂಗುಬೊಟ್ಟು ಬಂತು. ಎಡಗಡೆ. ಎಡಗಡೆಯೇ? ಆ ಮನೆಯಲ್ಲಿದ್ದ ಕೊನೆಯ ದಿನಗಳಲ್ಲಿ ನಾನು ಅವರ ಮುಖ ಕಂಡದ್ದೆಲ್ಲ ಅವರ ಹಿಂದೆ ನಿಂತು, ಇದೇ ಕನ್ನಡಿಯೊಳಗೆ. ನೆನಪಿನಲ್ಲಿ ಉಳಿದಿರುವುದು ಅವರ ಮುಖವೋ, ಕನ್ನಡಿಯ ಮುಖವೋ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಪೇಪರ್ ಓದುತ್ತಿದ್ದ ನಮ್ಮವರನ್ನು ಹೋಗಿ ಕೇಳಿದೆ, ಓನರ್ ಆಂಟಿ ಮೂಗುಬೊಟ್ಟು ಯಾವ ಕಡೆ ಹಾಕುತ್ತಿದ್ದರು ಎಂದು.

ಅವರು ಪೇಪರ್ ಕೆಳಗಿಟ್ಟು ನಿಜವಾಗಿಯೂ ಯೋಚಿಸಿದರು.

“ಅವ್ರು ಮೂಗುಬೊಟ್ಟು ಹಾಕ್ತಿದ್ರಾ?” ಎಂದರು.